ಹಾಡಿನ ಕೆಳಗಿನ ಮಾತು

ಮದುವೆ ವಿಡಿಯೋದಲ್ಲಿ ಮಂದಿ ಮಾತಾಡುವುದು ಕಾಣುತ್ತದೆ, ಕೇಳುವುದಿಲ್ಲ. ಬಾಯಿಗಳು ಆಡುತ್ತಿರುತ್ತವೆ, ಮೇಲೆ ಹಾಡು ಓಡುತ್ತಿರುತ್ತದೆ. ಕ್ಯಾಮೆರಾ ತುಂಬಿಕೊಂಡು ಬಂದ ಮೂಲ ದನಿಯನ್ನು ನಾವು ಅಳಿಸುವುದಿಲ್ಲ, ಮುಚ್ಚುತ್ತೇವೆ. ಕಂಪ್ಯೂಟರಿನಲ್ಲಿ ಚಿತ್ರದ್ದೊಂದು ಪಟ್ಟಿ, ಅದರ ಕೆಳಗೆ ಮೂಲ ದನಿಯದೊಂದು ಪಟ್ಟಿ, ಅದಕ್ಕೂ ಕೆಳಗೆ ಹಾಡಿನದು. ಮೂಲ ದನಿಯ ಪಟ್ಟಿಯ ಬಾಜೂ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎಲ್ಲರ ಬಾಯಿ ಬಂದ್. ಮಾತು ಅಲ್ಲೇ ಇರುತ್ತದೆ, ಹೊರಗೆ ಬರುವುದಿಲ್ಲ, ಅಷ್ಟೇ. ಹತ್ತು ಹನ್ನೆರಡು ವರ್ಷ ಆ ಗುಂಡಿಯನ್ನು ನಾನು ಮತ್ತೊಂದು ಯೋಚನೆಯಿಲ್ಲದೆ ಒತ್ತಿದ್ದೇನೆ.

ಕಲಘಟಗಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಶೂಟಿಂಗ್ ನಮ್ಮವರದು, ಎಡಿಟಿಂಗ್ ನನ್ನದು. ನನ್ನ ತವರು ನವಲಗುಂದ. ಅಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಜಮಖಾನೆ ನೇಯುವವರು. ನನಗೆ ಮಗ್ಗದ ಮುಂದೆ ಕೂಡುವ ತಾಳ್ಮೆ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ, ನಮ್ಮವರು ಎಡಿಟಿಂಗಿಗೆಂದು ಹುಬ್ಬಳ್ಳಿಗೆ ಹೋಗುವಾಗ ಒಂದು ದಿನ ಜೊತೆಗೆ ಹೋಗಿದ್ದೆ. ಅಲ್ಲಿನವನು ಮಾಡುವುದನ್ನು ಮೂರು ತಾಸು ಕೂತು ನೋಡಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ, ಇದನ್ನು ನಾನೇ ಮಾಡುತ್ತೇನೆ ಎಂದೆ. ಅವರು ನಗಲಿಲ್ಲ. ಮುಂದಿನ ತಿಂಗಳು ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟರು.

ಮದುವಣಗಿತ್ತಿಯ ಕೋಣೆಗೆ ಗಂಡಸರು ಕ್ಯಾಮೆರಾ ಹಿಡಿದು ಬಂದರೆ ಹಳ್ಳಿಗಳಲ್ಲಿ ಮುದುಕಿಯರು ಬೈಯುತ್ತಾರೆ. ಅದಕ್ಕೆ ಎರಡನೆಯ ಕ್ಯಾಮೆರಾ ತಗೊಂಡು ನಾನೂ ಹೋಗುವುದು ರೂಢಿಯಾಯಿತು. ಅರಿಶಿಣ, ಬಳೆ, ಸೀರೆ, ಅಳು, ಇವೆಲ್ಲ ನನ್ನ ಪಾಲಿಗೆ. ಮಿಶ್ರಿಕೋಟಿಯ ಆ ಮದುವೆಗೂ ಹಾಗೇ ಹೋಗಿದ್ದೆ. ಹುಡುಗಿಯ ತಂದೆ ರಿಟೈರ್ ಆದ ಪೋಸ್ಟಮನ್. ಮನೆಯ ಮುಂದೆ ಹಂದರ, ಒಳಗೆ ಭತ್ತದ ಚೀಲ ಒಟ್ಟಿದ ಕೋಣೆಯಲ್ಲಿ ಮದುವಣಗಿತ್ತಿ. ಆ ಕೋಣೆಗೆ ಒಂದೇ ಕಿಟಕಿ. ಬೆಳಗಿನ ಬಿಸಿಲು ಅಗದಿ ಅವಳ ಕೈಯ ಮೇಲೆ ಬಿದ್ದಿತ್ತು. ನಾನು ಕ್ಯಾಮೆರಾ ಹಚ್ಚಿದ್ದೆನಷ್ಟೆ, ಹೊರಗಿನಿಂದ ನಮ್ಮವರು ಬ್ಯಾಟರಿ ಬೇಕೆಂದು ಕೂಗಿದರು. ಕ್ಯಾಮೆರಾವನ್ನು ಭತ್ತದ ಚೀಲದ ಮೇಲಿಟ್ಟು ಓಡಿದೆ. ಬಂದ್ ಮಾಡುವುದು ನೆನಪಾಗಲಿಲ್ಲ.

ಎಂಟು ದಿನದ ಮೇಲೆ ಎಡಿಟಿಂಗಿಗೆ ಕೂತಾಗ ಆ ತುಣುಕು ಸಿಕ್ಕಿತು. ನಾನು ಹೋದ ಮೇಲೆ ಕ್ಯಾಮೆರಾ ತಾನೇ ಹಿಡಿದ ಚಿತ್ರ. ಹುಡುಗಿ ಕಿಟಕಿಯ ಬಾಜೂ ಕೂತಿದ್ದಾಳೆ, ತಾಯಿ ನಮಗೆ ಬೆನ್ನು ಮಾಡಿ ಅವಳ ಬಳೆ ಸರಿಮಾಡುತ್ತಿದ್ದಾಳೆ. ಹುಡುಗಿ ತಾಯಿಯ ಮುಖ ನೋಡುತ್ತಾಳೆ, ಆಮೇಲೆ ಕಿಟಕಿಯ ಹೊರಗೆ ನೋಡುತ್ತಾಳೆ. ಇಷ್ಟೇ. ನಮ್ಮ ಮದುವೆಗಳಲ್ಲಿ ಕ್ಯಾಮೆರಾ ಇದೆ ಎಂದು ಗೊತ್ತಾದ ಕೂಡಲೇ ಎಲ್ಲರ ಮುಖ ಬಿಗಿದುಕೊಳ್ಳುತ್ತದೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಚೆಂದದ ಚಿತ್ರ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡಿದ್ದೆ. ಮಾತು ಸ್ವಚ್ಛ ಕೇಳಿತು.

"ಗುಳಿಗಿ ನುಂಗಿದೇನು?" ತಾಯಿ ಕೇಳುತ್ತಾಳೆ.

"ನುಂಗೀನಿ."

"ಅಲ್ಲಿ ಹೋದ ಮ್ಯಾಲೆ ಯಾರ ಮುಂದನೂ ನುಂಗಬ್ಯಾಡ. ಕೇಳಿದ್ರ ತಲಿನೋವಿಂದು ಅನ್ನು. ಮೂರು ವರ್ಷ ಆತು ಫಿಟ್ಸ್ ಬಂದಿಲ್ಲ, ಇನ್ನ ಬರೂದಿಲ್ಲ. ಒಂದು ಕೂಸು ಆಗೂತನಕ ಬಾಯಿ ಬಿಡಬ್ಯಾಡ."

"ಅವರಿಗಷ್ಟರ ಹೇಳೂಣು ಅವ್ವಾ."

"ಹೇಳಿದ್ರ ಹೊರಗಿನ ಹಂದರ ಇವತ್ತ ಕೀಳತಾರ. ಸುಮ್ನಿರು."

ನಾನು ತುಣುಕನ್ನು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ಫಿಟ್ಸಿನ ಆ ಬ್ಯಾನಿ ನನಗೆ ಹೊಸದಲ್ಲ. ನನ್ನ ಖಾಲಾಗೆ, ಅಂದರೆ ಅಮ್ಮನ ತಂಗಿಗೆ, ಅದು ಇತ್ತು. ಹದಿನಾಲ್ಕು ವರ್ಷದವಳಿದ್ದಾಗ ನೀಲಮ್ಮನ ಕೆರೆಯ ದಂಡೆಯ ಮೇಲೆ, ನಾಲ್ಕು ಮಂದಿ ನೋಡುವಾಗ ಬಿದ್ದಳಂತೆ. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಗುಳಿಗೆಯಿಂದ ಬ್ಯಾನಿ ಹಿಡಿತಕ್ಕೆ ಬಂದರೂ ಹೆಸರು ಹೋಗಲಿಲ್ಲ. ಮನೆಯ ಎಲ್ಲ ಹೆಣ್ಣುಮಕ್ಕಳ ಮದುವೆಗೂ ಜಮಖಾನೆ ನೇಯ್ದುಕೊಟ್ಟು, ಮಗ್ಗದ ಕೋಣೆಯಲ್ಲೇ ಮುದುಕಿಯಾಗಿ ಸತ್ತಳು.

ತಿರುಗಿ ಬಂದು ಕೂತು ದನಿಯ ಗುಂಡಿ ಒತ್ತಿದೆ. ಮೇಲೆ ಒಂದು ಹಾಡು ಹಾಕಿದೆ. ನಮ್ಮವರಿಗೂ ಹೇಳಲಿಲ್ಲ. ಇದು ನನಗೆ ಸಂಬಂಧಿಸಿದ್ದಲ್ಲ ಎಂದುಕೊಂಡೆ. ಅದು ಸರಿಯೇ ಇರಬಹುದು. ಆದರೆ ಆ ತುಣುಕನ್ನೇ ತೆಗೆದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೆಗೆಯಲು ಮನಸ್ಸಾಗಲಿಲ್ಲ. ಚಿತ್ರ ಚೆಂದ ಇತ್ತು.

ನಾಲ್ಕು ವರ್ಷ ಕಳೆಯಿತು. ಈ ನಡುವೆ ನಮ್ಮವರು ಹೊಸ ಕ್ಯಾಮೆರಾ ತಂದರು. ಅದರ ಫೈಲುಗಳನ್ನು ನನ್ನ ಹಳೆಯ ಸಾಫ್ಟ್‌ವೇರ್ ತೆಗೆಯಲೇ ಒಲ್ಲೆ ಎಂದಿತು. ಹುಬ್ಬಳ್ಳಿಯಿಂದ ಕಂಪ್ಯೂಟರ್ ರಿಪೇರಿಯವನು ಬಂದು ಇಡೀ ದಿನ ಕೂತು ಎಲ್ಲ ಹೊಸದು ಮಾಡಿ ಹೋದ.

"ಹಳೇದು ಪೂರಾ ಹೋತ್ರಿ ಅಕ್ಕಾರ. ಬ್ಯಾಡ ಅನಿಸಿದ್ರೂ ಹಿಂದಕ್ಕ ಹೋಗಾಕ ಬರೂದಿಲ್ಲ," ಎಂದು ಹೇಳಿದ್ದ. ಹಿಂದಕ್ಕೆ ಯಾಕೆ ಹೋಗಬೇಕು ಎಂದುಕೊಂಡಿದ್ದೆ.

ಮರುದಿನದಿಂದಲೇ ಗೋಳು ಶುರು. ಅರ್ಧ ಮಾಡಿಟ್ಟ ಕೆಲಸಗಳನ್ನು ತೆಗೆದರೆ ಬಣ್ಣವೆಲ್ಲ ಕಪ್ಪಿಟ್ಟಿತ್ತು. ಒಂದು ಮದುವೆಯಲ್ಲಿ ಚಿತ್ರ ಮುಂದೆ, ದನಿ ಹಿಂದೆ. ಅಕ್ಕಿಕಾಳು ಬಿದ್ದ ಮೇಲೆ ಮಂತ್ರ ಕೇಳುತ್ತಿತ್ತು. ಕೆಲವು ಕಡೆ ಚಿತ್ರವೇ ಇಲ್ಲದೆ ಒಂದು ಕೆಂಪು ಹಲಗೆ ಬಂದು ಕೂಡುತ್ತಿತ್ತು. ನಡುನಡುವೆ ಕಂಪ್ಯೂಟರ್ ತಾನೇ ಸ್ತಬ್ಧವಾಗಿ, ಎರಡು ತಾಸಿನ ಕೆಲಸ ನುಂಗಿ ಮತ್ತೆ ಏಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ತ್ರಾಸು ಕೊಟ್ಟದ್ದು ಕನ್ನಡ ಅಕ್ಷರ. ಹಳೆಯ ಅಕ್ಷರಗಳನ್ನು ಹೊಸದು ಗುರುತಿಸುತ್ತಿರಲಿಲ್ಲ. ವಧು ವರರ ಹೆಸರಿದ್ದಲ್ಲಿ ಕಂಸ, ಗೀಟು, ಸೊನ್ನೆಗಳು. ಮದುವೆಯ ಗಡಿಬಿಡಿ ಇಲ್ಲದ ದಿನಗಳಲ್ಲೂ ಊಟಕ್ಕೆ ಏಳದೆ ಕೂತಿರುತ್ತಿದ್ದೆ. ನಮ್ಮವರು ತಟ್ಟೆ ತಂದು ಕೀಬೋರ್ಡಿನ ಬಾಜೂ ಇಟ್ಟು ಹೋಗುತ್ತಿದ್ದರು.

ಆ ದಿನಗಳಲ್ಲೇ ಮಿಶ್ರಿಕೋಟಿಯ ಪೋಸ್ಟಮನ್ನನ ಅಳಿಯ, ಆ ಹುಡುಗಿಯ ಗಂಡ, ಬಂದ. ಅವನ ಊರು ನವಲಗುಂದದ ಕಡೆಯ ಒಂದು ಹಳ್ಳಿ. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇಟ್ಟುಕೊಂಡಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯ ಎಣ್ಣೆ ಹೋಗದ ಕೈಗಳು. ಮಾತು ಕಡಿಮೆ. ಮದುವೆಯ ಮೂಲ ಫೈಲು, ನನ್ನ ಕೆಲಸದ ಫೈಲು ಎಲ್ಲವನ್ನೂ ಅವರದೇ ಹಾರ್ಡ್ ಡಿಸ್ಕಿಗೆ ಹಾಕಿ ಕೊಟ್ಟಿದ್ದೆವು. ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ.

"ಮಗಂದು ಜವಳ ಐತ್ರಿ, ಮೊದಲನೇ ಕೂದಲಾ ತೆಗಸೂದು, ಅವ್ವ ದೊಡ್ಡ ಟಿ.ವಿ. ತರಿಸ್ಯಾಳ. ಬೀಗರೆಲ್ಲಾ ಬರ್ತಾರ, ಮದಿವಿ ವಿಡಿಯೋ ಹಚ್ಚೂಣು ಅಂತಾಳ. ಡಿವಿಡಿ ಹಾಕೂ ಡಬ್ಬಿ ಈಗ ಯಾರ ಮನ್ಯಾಗ ಐತ್ರಿ? ಪೆನ್‌ಡ್ರೈವಿಗೆ ಸ್ವಚ್ಛ ಕಾಣೂ ಹಂಗ ಮಾಡಿ ಕೊಡ್ರಿ."

ಆಗಲಿ ಎಂದೆ. ಅವನು ಹೊರಟವನು ಬಾಗಿಲಲ್ಲಿ ನಿಂತ.

"ಆಕಿ ಕಿಟಕಿ ಬಾಜು ಕುಂತದ್ದು ಒಂದು ಐತಲ್ರಿ. ಅದು ಇರಲಿ ಮತ್ತ."

ಫೈಲು ತೆರೆದಾಗ ಹೊಸ ಸಾಫ್ಟ್‌ವೇರ್ ಒಂದು ಚೌಕ ತೋರಿಸಿತು. ಇದು ಹಳೆಯ ಕಾಲದ ಫೈಲು, ನಮ್ಮ ರೀತಿಗೆ ಬದಲಾಯಿಸಿಕೊಳ್ಳುತ್ತೇವೆ ಎನ್ನುವ ಅರ್ಥದ್ದು. ಒಪ್ಪಿಗೆ ಒತ್ತಿದೆ. ತೆರೆದದ್ದು ನೋಡಿದರೆ ಉಳಿದವುಗಳದೇ ಪಾಡು. ಕೆಂಪು ಹಲಗೆಗಳನ್ನು ಒಂದೊಂದಾಗಿ ತೆಗೆದು ಮೂಲ ಚಿತ್ರ ಹುಡುಕಿ ಕೂಡಿಸಿದೆ. ಕಪ್ಪಿಟ್ಟ ಬಣ್ಣ ತಿಳಿ ಮಾಡಿದೆ. ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆ. ನಾಲ್ಕು ದಿನ ಹಿಡಿಯಿತು. ಹಾಡುಗಳು ಮಾತ್ರ ಇದ್ದಲ್ಲೇ ಇದ್ದವು, ಸರಿಯಾಗಿ ಕೇಳುತ್ತಿದ್ದವು. ಹಾಗಾಗಿ ದನಿಯ ಕಡೆ ನಾನು ಹೋಗಲೇ ಇಲ್ಲ. ಅಲ್ಲಲ್ಲಿ ಹಾಡಿನ ಹಿಂದೆ ಬಾಜಾಭಜಂತ್ರಿಯ ಸದ್ದು ಸಣ್ಣಗೆ ಕೇಳಿದಂತಾಗಿತ್ತು. ಅಂಗಡಿಯ ಸ್ಪೀಕರ್ ಹಳೆಯದು, ಅದರ ಗೊರಗೊರ ಇರಬೇಕು ಎಂದುಕೊಂಡೆ. ಹೆಡ್‌ಫೋನಿನ ಒಂದು ಕಿವಿ ಕೆಟ್ಟು ತಿಂಗಳಾಗಿತ್ತು. ಪೂರ್ತಿ ವಿಡಿಯೋ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕಿತ್ತು. ಮೊದಲೆಲ್ಲ ಕೇಳುತ್ತಿದ್ದೆ. ಆ ಸಲ ಓಡಿಸಿ ಓಡಿಸಿ ನೋಡಿ, ಕಣ್ಣಿಗೆ ಕಾಣುವುದೆಲ್ಲ ಸರಿ ಇದೆ ಎಂದು ಪೆನ್‌ಡ್ರೈವಿಗೆ ಹಾಕಿದೆ.

ಜವಳದ ಮರುದಿನ ಮಧ್ಯಾಹ್ನ ಸ್ಟುಡಿಯೋದ ಫೋನಿನಲ್ಲಿ ಆ ಅಳಿಯನ ತಾಯಿ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ವಿಡಿಯೋ ಮಾಡಿದಾಕಿ ನೀನ ಏನವಾ?"

"ಹೌದ್ರಿ."

"ನನ್ನ ಬೀಗತಿ ಮಾತು ನೀ ಬೇಕಂತ ಹಾಕೀಯೋ, ಅದಾಗಿ ಬಂತೋ?"

"ಯಾವ ಮಾತ್ರಿ?"

"ಗುಳಿಗಿ ಮಾತು."

ಫೋನಿಟ್ಟು ಆ ಫೈಲು ತೆರೆದೆ. ನೋಡಬೇಕಾದಲ್ಲಿ ಈಗ ನೋಡಿದೆ. ನಾಲ್ಕು ವರ್ಷದ ಹಿಂದೆ ನಾನು ಮುಚ್ಚಿದ್ದ ಮೂಲ ದನಿಯ ಪಟ್ಟಿಗಳೆಲ್ಲ ತೆರೆದುಕೊಂಡಿದ್ದವು. ಹೊಸದು ಹಳೆಯದನ್ನು ತನ್ನ ರೀತಿಗೆ ಬದಲಾಯಿಸಿಕೊಳ್ಳುವಾಗ, ಮುಚ್ಚಿದ್ದು ಯಾವುದು, ತೆರೆದದ್ದು ಯಾವುದು ಎಂಬ ಲೆಕ್ಕ ಇಟ್ಟುಕೊಂಡಿರಲಿಲ್ಲ. ಉಳಿದ ಕಡೆ ಹಾಡು ಜೋರಿದ್ದುದರಿಂದ ಮೂಲ ಮಾತು ಅದರಡಿ ಅಡಗಿಹೋಗಿತ್ತು. ಆದರೆ ಕಿಟಕಿಯ ತುಣುಕು ಬರುವ ಹೊತ್ತಿಗೆ ಆ ಹಾಡಿನಲ್ಲಿ ಹಾಡುವವರು ನಿಂತು ಬರೀ ಕೊಳಲು ಉಳಿಯುತ್ತದೆ. ಆ ಕೊಳಲಿಗಾಗಿಯೇ ನಾನು ಆ ಹಾಡು ಆರಿಸಿದ್ದೆ. ಕೊಳಲಿನ ಮೇಲೆ ತಾಯಿಯ ಮಾತು ಒಂದಕ್ಷರವೂ ತಪ್ಪದೆ ಕೇಳುತ್ತಿತ್ತು.

ನಮ್ಮವರು ಬಾಜೂ ನಿಂತು ಎಲ್ಲ ಕೇಳಿದರು. ನಿನಗೆ ಮೊದಲೇ ಗೊತ್ತಿತ್ತೇ ಎಂದು ನಮ್ಮ ಮನೆಮಾತಿನಲ್ಲಿ ಕೇಳಿದರು. ಗೊತ್ತಿತ್ತು ಎಂದೆ.

ಎರಡು ದಿನದ ಮೇಲೆ ಹುಡುಗಿಯ ತಂದೆ ಮಿಶ್ರಿಕೋಟಿಯಿಂದ ಬೆಳಗಿನ ಬಸ್ಸಿಗೆ ಬಂದ. ನಾನು ಚಹಾ ತರಿಸಿದೆ, ಮುಟ್ಟಲಿಲ್ಲ. ಬೈದರೆ ಬೈಸಿಕೊಳ್ಳಬೇಕು ಎಂದು ತಯಾರಾಗಿ ಕೂತಿದ್ದೆ. ಅವನು ಬೈಯಲೂ ಇಲ್ಲ.

"ಐತವಾರ ಹಿರ್ಯಾರನ್ನ ಕೂಡಸ್ಯಾರವ್ವಾ," ಎಂದ. "ನೀ ಬಂದು ಒಂದು ಮಾತು ಹೇಳಬೇಕು. ಕಂಪ್ಯೂಟರ್ ಕೆಟ್ಟಿತ್ತು, ಬ್ಯಾರೆ ಯಾವುದೋ ಮದಿವಿ ಮಾತು ಇದರಾಗ ಕೂಡಿ ಬಂದಾವು ಅಂತ. ಇಷ್ಟ."

"ಕೇಳಿದವರಿಗೆ ದನಿ ಗೊತ್ತಾಗೂದಿಲ್ಲೇನ್ರಿ?"

"ಅದು ನನ್ನ ಹಣೇಬರಹ. ನೀ ಹೇಳು. ಕಂಪ್ಯೂಟರ್ ಕೆಟ್ಟಿದ್ದಂತೂ ಖರೇನ ಐತಲ್ಲ."

ಅರ್ಧ ಖರೆ, ಅರ್ಧ ಸುಳ್ಳು. ನಮ್ಮವರು ಬ್ಯಾಡ ಎಂದರು. ನಾಳೆ ಇದು ಎಲ್ಲಿಗೋ ಹೋಗಿ ನಿಲ್ಲುತ್ತದೆ, ನಮ್ಮ ಮೇಲೆ ಬರುತ್ತದೆ ಎಂದರು. ನನಗೆ ಖಾಲಾ ನೆನಪಾದಳು. ಬರುತ್ತೇನೆ ಎಂದು ಮುದುಕನಿಗೆ ಮಾತು ಕೊಟ್ಟೆ. ನಾನು ತೆರೆದದ್ದನ್ನು ನಾನೇ ಮುಚ್ಚುತ್ತೇನೆ ಎಂಬ ಹಟವೂ ಇತ್ತು.

ರವಿವಾರ ನಾನೂ ನಮ್ಮವರೂ ಹುಬ್ಬಳ್ಳಿಗೆ ಹೋಗಿ ನವಲಗುಂದದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಹತ್ತಿ ಬಿಡಿಸುವವರು ಹೊಲದಲ್ಲಿದ್ದರು. ತವರಿನ ದಾರಿ. ಯಾವಾಗ ಹೋದರೂ ಆ ಕರಿ ಹೊಲಗಳು ಕಂಡ ಕೂಡಲೇ ಮನಸ್ಸು ಹಗುರಾಗುತ್ತಿತ್ತು. ಆ ದಿನ ಕಿಟಕಿಯ ಕಡೆ ನೋಡಲೂ ಆಗಲಿಲ್ಲ. ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿ ನೋಡಿದೆ.

ಅಳಿಯನ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಜನ ಹಿರಿಯರು ಕೂತಿದ್ದರು. ಒಂದು ಗೋಡೆಗೆ ಆ ದೊಡ್ಡ ಟಿ.ವಿ. ಹುಡುಗಿಯ ತಂದೆ ಬಾಗಿಲ ಬಾಜೂ ಕೂತಿದ್ದ, ತಾಯಿ ಬಂದಿರಲಿಲ್ಲ. ಅಳಿಯ ಕಂಬಕ್ಕೆ ಆನಿಕೊಂಡು ನೆಲ ನೋಡುತ್ತಿದ್ದ. ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ, ಬೋಳುತಲೆಯ ಮಗನನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು. ಮದುವೆಯಲ್ಲಿ ನೋಡಿದ್ದಕ್ಕಿಂತ ಸೊರಗಿದ್ದಳು.

ಒಬ್ಬ ಹಿರಿಯ, "ಹೇಳವಾ ತಂಗಿ, ಏನಾಗೇತಿ?" ಎಂದ.

ಹೇಳಿದೆ. ಹೊಸ ಸಾಫ್ಟ್‌ವೇರ್ ಹಾಕಿಸಿದ್ದು, ಫೈಲುಗಳು ಅಸ್ತವ್ಯಸ್ತ ಆದದ್ದು, ಅಕ್ಷರ ಕೆಟ್ಟದ್ದು, ಚಿತ್ರ ಹೋಗಿ ಕೆಂಪು ಹಲಗೆ ಬಂದದ್ದು. ಅಲ್ಲಿಯವರೆಗೆ ಎಲ್ಲ ಖರೆ. ಕೊನೆಗೆ, "ಬ್ಯಾರೆ ಮದಿವಿ ದನಿ ಇದರಾಗ ಬಂದು ಕೂಡೇತ್ರಿ. ತಪ್ಪು ನಂದು," ಎಂದೆ. ನಾಲಿಗೆ ತೊದಲಲಿಲ್ಲ. ನನಗೇ ಆಶ್ಚರ್ಯವಾಯಿತು.

"ಆಗಬಹುದ ಬಿಡ್ರಿ," ಎಂದ ಹಿರಿಯ. "ಈಗ ಸತ್ತವರ ದನಿನೂ ಕಂಪ್ಯೂಟರಿನ್ಯಾಗ ತಯಾರ ಮಾಡ್ತಾರಂತ. ಇದೇನ ದೊಡ್ಡದು."

ಇನ್ನೊಬ್ಬನೂ ತಲೆಯಾಡಿಸಿದ. ಹುಡುಗಿಯ ತಂದೆಯ ಭುಜ ಸ್ವಲ್ಪ ಇಳಿದದ್ದು ನನಗೆ ಕಂಡಿತು. ಹುಡುಗಿಯ ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಾ ಮದಿವ್ಯಾಗೂ ತಾಯಿ ಮಗಳಿಗೆ ಇದನ್ನ ಹೇಳ್ತಾಳೇನು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯ ಬಾಗಿಲಿನಿಂದ ಹುಡುಗಿ ಮಾತಾಡಿದಳು.

"ಅಕ್ಕಾರ ನಮ್ಮ ಸಲುವಾಗಿ ಸುಳ್ಳು ಹೇಳಾಕತ್ತಾರ್ರಿ. ಅದು ನಮ್ಮವ್ವಂದ ಮಾತು, ನಂದ ಮಾತು. ಬ್ಯಾನಿ ಐತಿ. ಗುಳಿಗಿ ಬಿಟ್ಟಿಲ್ಲ, ಅದಕ್ಕ ಬಂದಿಲ್ಲ. ಇವರಿಗೆ ಹೇಳೂಣು ಅಂತ ನಾ ಆವತ್ತ ಅಂದಿದ್ದೆ. ಅದೂ ಅದರಾಗ ಕೇಳತೈತಿ. ಆ ಮಾತು ಮಾತ್ರ ಯಾರೂ ಎತ್ತವಲ್ರು."

ಹೀಗೆ ಹೇಳಿ ಗಂಡನ ಕಡೆ ನೋಡಿದಳು. ಪಡಸಾಲೆಯಲ್ಲಿ ಎಲ್ಲರೂ ಅವನ ಕಡೆ ನೋಡಿದರು. ಅವನು ತಲೆ ಎತ್ತಲಿಲ್ಲ.

ಅತ್ತೆ ಕೂಗಾಡಲಿಲ್ಲ. "ಬ್ಯಾನಿ ಯಾರಿಗಿಲ್ಲ. ಆದರ ನಾಕು ವರ್ಷ ನನ್ನ ಮನ್ಯಾಗ ಉಂಡು, ನನ್ನ ಬಾಜು ಮಲಗಿ, ನನಗ ತಲಿನೋವು ಅಂದ್ಲು. ನಾನೂ ಆಕಿ ತಲಿಗೆ ಎಣ್ಣಿ ತಿಕ್ಕೀನಿ," ಎಂದಳು. ಆಮೇಲೆ ಬೀಗನ ಕಡೆ ತಿರುಗಿ, "ಸದ್ಯಕ ಕರಕೊಂಡು ಹೋಗ್ರಿ," ಎಂದಳು. ಸದ್ಯಕ್ಕೆ ಎಂಬ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಾನು ಅಂಗಳಕ್ಕೆ ಬಂದು ನಿಂತೆ. ರಿಪೇರಿಗೆ ಬಿಚ್ಚಿಟ್ಟ ಒಂದು ಟ್ರ್ಯಾಕ್ಟರಿನ ಆಚೆಯಿಂದ ಅಳಿಯ ಬಂದ. ನನಗೆ ಏನಾದರೂ ಅನ್ನುತ್ತಾನೆ ಎಂದುಕೊಂಡೆ.

"ನನಗ ಗೊತ್ತಿತ್ರಿ," ಎಂದ.

"ಏನು?"

"ಬ್ಯಾನಿ. ಎರಡನೇ ವರ್ಷದಾಗ ಗುಳಿಗಿ ಚೀಟಿ ಸಿಕ್ಕಿತ್ತು. ಔಷಧ ಅಂಗಡ್ಯಾಗ ತೋರಿಸಿ ಕೇಳಿದೆ. ಆಕೀಗೆ ನಾ ಏನೂ ಅನ್ನಲಿಲ್ಲ. ಗುಳಿಗಿ ತೀರಾಕ ಬಂದಾಗ ನಾನ ತಂದು ಡಬ್ಬ್ಯಾಗ ಇಡ್ತಿದ್ದೆ. ಆಕೀಗೂ ತಿಳಿದಿತ್ತು. ಇಬ್ಬರೂ ಮಾತಾಡಲಿಲ್ಲ."

"ಮತ್ತ ಈಗ ಒಳಗ ಯಾಕ ಹೇಳಲಿಲ್ಲ?"

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ. "ಹೇಳಿದ್ರ ಅವ್ವಗ ನಾನೂ ಮೋಸ ಮಾಡಿದಂಗ ಆಕ್ಕಿತ್ತಲ್ರಿ."

ಇಷ್ಟು ಹೇಳಿ ಒಳಗೆ ಹೋದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಯಾವ ಬಾಯಿಂದ ಸಿಟ್ಟು ಮಾಡಲಿ? ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬಳು. ಅವನಿಗಿಂತ ವರ್ಷಕ್ಕೂ ಮೊದಲಿನಿಂದ.

ತಿರುಗಿ ಬರುವ ಬಸ್ಸು ಒಂದೇ. ಹುಡುಗಿ, ಅವಳ ಮಗ, ತಂದೆ, ನಾವಿಬ್ಬರು, ಎಲ್ಲರೂ ಅದರಲ್ಲೇ ಹತ್ತಬೇಕಾಯಿತು. ಅವಳದು ಒಂದು ಕೈಚೀಲ, ಕೂಸಿನದು ಒಂದು. ನನ್ನ ಬಾಜೂ ಜಾಗ ಖಾಲಿ ಇತ್ತು, ಬಂದು ಕೂತಳು. ಮಗ ನಿದ್ದೆ ಹೋದ.

"ನನ್ನ ತಪ್ಪು," ಎಂದೆ ನಾನು. "ಆ ಚಿತ್ರ ಆವತ್ತ ತೆಗೀಬೇಕಿತ್ತು."

ಅವಳು, "ಆವತ್ತ ಕೇಳಿದ್ರೇನು ನೀವು?" ಎಂದಳು.

"ಕೇಳಿದ್ದೆ."

"ಹಂಗಾರ ನಾ ಹೇಳೂಣು ಅಂದದ್ದು ಖರೇ ಐತಿ ಅಲ್ರಿ? ಅವ್ವ ನಾ ಅಂದೇ ಇಲ್ಲ ಅಂತಾಳ. ವಿಡಿಯೋ ಕೇಳೂತನಕ ಇಷ್ಟು ವರ್ಷ ನನಗೂ ಅನುಮಾನ ಇತ್ತು, ಅಂದೆನೋ ಇಲ್ಲೋ ಅಂತ."

"ಅಂದೀದಿ. ಸ್ವಚ್ಛ ಕೇಳತೈತಿ."

ಅವಳು ತಲೆಯಾಡಿಸಿದಳು. ಹುಬ್ಬಳ್ಳಿ ಹತ್ತಿರ ಬಂದಾಗ, "ನೀರ ಐತೇನ್ರಿ ಅಕ್ಕಾರ?" ಎಂದು ಕೇಳಿದಳು. ಬಾಟಲಿ ಕೊಟ್ಟೆ. ಸೆರಗಿನ ಗಂಟಿನಿಂದ ಗುಳಿಗೆ ತೆಗೆದು, ಮುಂದಿನ ಸೀಟಿನ ಮುದುಕಿ ತಿರುಗಿ ನೋಡುತ್ತಿದ್ದರೂ ಅವಸರವಿಲ್ಲದೆ ನುಂಗಿದಳು. ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ನನಗೆ ಕೊಟ್ಟಳು.

ಮೋಸದಿಂದ ಮದುವೆ ಮಾಡಿದ್ದಾರೆ, ಸಂಬಂಧ ಬೇಡ ಎಂದು ಮೂರು ತಿಂಗಳ ಮೇಲೆ ಅವಳಿಗೆ ವಕೀಲರ ನೋಟೀಸು ಬಂತು. ಅದರ ಕೆಳಗೆ ಗಂಡನ ಸಹಿ ಇತ್ತಂತೆ. ಆಮೇಲೆ ಒಂದು ದಿನ ಅವಳೂ ಅವಳ ತಾಯಿಯೂ ಸ್ಟುಡಿಯೋಕ್ಕೆ ಬಂದರು. ತಾಯಿಯನ್ನು ನಾನು ಮದುವೆಯ ನಂತರ ನೋಡಿದ್ದು ಅದೇ ಮೊದಲು. ನನ್ನ ಕಡೆ ನೋಡದೆ ಕುರ್ಚಿಯ ತುದಿಗೆ ಕೂತಳು.

"ಆ ಚೂರು ಬೇಕ್ರಿ ನನಗ, ದನಿ ಸಮೇತ," ಎಂದಳು ಹುಡುಗಿ. "ನಮ್ಮ ವಕೀಲರು ಕೇಳ್ಯಾರ. ಮುಚ್ಚಿಡಬೇಕು ಅಂತ ನನ್ನ ಮನಸಿನ್ಯಾಗ ಇರಲಿಲ್ಲ ಅನ್ನಾಕ ಅದೊಂದ ಸಾಕ್ಷಿ."

"ಅದರಾಗ ನಿಮ್ಮವ್ವನ ಮಾತೂ ಐತಿ," ಎಂದೆ.

"ಇರಲ್ರಿ."

ತಾಯಿ ಆಗ ಮೊದಲ ಸಲ ಬಾಯಿ ಬಿಟ್ಟಳು. "ನಾ ಒಮ್ಮೆ ಕೇಳ್ತೀನಿ," ಎಂದಳು. ಅವಳು ಮಾತು ಕೇಳುವ ಆ ವಿಡಿಯೋ ನೋಡಿಯೇ ಇರಲಿಲ್ಲ. ಜವಳದ ದಿನ ಅಡಿಗೆಯ ಕಡೆ ಇದ್ದಳಂತೆ. ಒಳಗೆ ಗದ್ದಲವಾದ ಮೇಲೆ ಯಾರೂ ಅವಳನ್ನು ಟಿ.ವಿ.ಯ ಮುಂದೆ ಕರೆಯಲಿಲ್ಲ.

ಹೊಸ ಹೆಡ್‌ಫೋನ್ ತಂದಿದ್ದೆ. ಅವಳ ಕಿವಿಗೆ ನಾನೇ ಹಾಕಿದೆ. ಸೆರಗು ಸರಿಸುವಾಗ ಅವಳ ಕೂದಲು ಪೂರಾ ಬೆಳ್ಳಗಾದದ್ದು ಕಂಡಿತು. ಚಿತ್ರ ಹಚ್ಚಿದೆ. ಅವಳು ತನ್ನ ಬೆನ್ನನ್ನು ನೋಡುತ್ತ ತನ್ನ ಮಾತನ್ನು ಕೇಳಿದಳು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಅಷ್ಟ ಜೋರಾಗಿ ಮಾತಾಡಿದ್ನೇನು ನಾ?" ಎಂದಳು.

ಕ್ಯಾಮೆರಾ ಒಂದೇ ಮಾರು ದೂರದಲ್ಲಿತ್ತು, ಅವಳು ಪಿಸುಮಾತಿನಲ್ಲೇ ಆಡಿದ್ದಳು. ಹಾಗೆ ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ, ಆ ಕ್ಷಣ ನನಗೆ ತೋಚಲಿಲ್ಲ.

ತುಣುಕನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಅದು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ಕೇಸು ತಾರೀಖಿನಿಂದ ತಾರೀಖಿಗೆ ಹೋಗುತ್ತಿದೆ. ನನ್ನನ್ನೂ ಒಂದು ಸಲ ಕರೆಸುತ್ತಾರಂತೆ. ಕರೆಸಿದರೆ ಹೋಗಿ, ಹಿರಿಯರ ಮುಂದೆ ಸುಳ್ಳು ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಬೇಕು. ನಮ್ಮವರು ಜೊತೆಗೆ ಬರುತ್ತೇನೆ ಎಂದಿದ್ದಾರೆ. ಈಗ ಅವರೊಬ್ಬರೇ ಮದುವೆಗಳಿಗೆ ಹೋಗುತ್ತಾರೆ. ಒಳಗಿನ ಕೋಣೆಯ ಚಿತ್ರ ಬೇಕೆಂದರೆ ಹುಬ್ಬಳ್ಳಿಯಿಂದ ಬೇರೆ ಒಬ್ಬಳನ್ನು ಕರೆಸುತ್ತಾರೆ. ನಾನೂ ಬರುತ್ತೇನೆ ಎಂದು ನಾನು ಒತ್ತಾಯ ಮಾಡಲಿಲ್ಲ.

ಮೊನ್ನೆ ಹುಡುಗಿಯ ತಂದೆ ಸಂತೆಗೆ ಬಂದಾಗ ಸಿಕ್ಕಿದ್ದ. ಅಳಿಯ ತಿಂಗಳಿಗೊಮ್ಮೆ ಬರುತ್ತಾನಂತೆ. ತನ್ನ ತಾಯಿಗೆ, ಹುಬ್ಬಳ್ಳಿಗೆ ಸಾಮಾನು ತರಲು ಹೋಗುತ್ತೇನೆ ಎಂದು ಹೇಳಿ ಬರುತ್ತಾನಂತೆ. ಹೊಸ್ತಿಲು ದಾಟುವುದಿಲ್ಲ. ಅಂಗಳದಲ್ಲೇ ಮಗನನ್ನು ಎತ್ತಿಕೊಂಡು ಅಡ್ಡಾಡಿಸುತ್ತಾನೆ. ಹುಡುಗಿಯ ತಾಯಿ ಚಹಾ ಮಾಡಿ ಮುದುಕನ ಕೈಯಲ್ಲಿ ಕಳಿಸುತ್ತಾಳೆ, ಕುಡಿಯುತ್ತಾನೆ. ಹುಡುಗಿ ಒಳಗೇ ಇರುತ್ತಾಳೆ. ಹೋಗುವಾಗ ಕಟ್ಟೆಯ ಮೇಲೆ ಒಂದು ತಿಂಗಳ ಗುಳಿಗೆಯ ಪೊಟ್ಟಣ ಇಟ್ಟು ಹೋಗುತ್ತಾನಂತೆ.

"ಆಕಿ ತಗೋತಾಳೇನ್ರಿ ಅದನ್ನ?" ಎಂದು ಕೇಳಿದೆ.

"ಮೊದಲನೇ ಸಲ ಅಲ್ಲೇ ಬಿಟ್ಟಿದ್ಲು," ಎಂದ ಮುದುಕ. "ಈಗ ತಗೋತಾಳ. ಗುಳಿಗಿ ಬಿಡಾಕ ಬರೂದಿಲ್ಲಲ್ಲ."

ಬಸ್ಸು ಬಂತು. ಚೀಲ ಎತ್ತಿಕೊಂಡು ಹತ್ತಿದ.